ಟಾಟ್ನೆಸ್‌ನಲ್ಲಿ ಮನೆ ಹಿಡಿದ ಪುಟ್ಟಿಗೆ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಂಗ್ಲೆಂಡಿನ ಡೆವನ್ ಸೀಮೆಯ ಆ ಟಾಟ್ನೆಸ್‌ನಲ್ಲಿ ಮನೆ ಸಿಕ್ಕಿತೆಂದು ಕೇಳಿ ನನಗೂ ನಿನ್ನ ದೊಡ್ಡಮ್ಮನಿಗೂ ಸಮಾಧಾನವಾಯಿತು. ರಸ್ತೆಯ ಗುಂಡಿ ಅಂದರೂ ಕಸದ ಡಬ್ಬಿ ಅಂದರೂ ಪಕ್ಕದ ಮನೆಯವರು "ಕೌನ್ಸಿಲ್‌ನವರನ್ನು ಕೇಳಿ" ಅಂತಾರೆ ಅಂದೆಯಲ್ಲ, ಯಾವ ಕೌನ್ಸಿಲ್ ಅಂತ ಅವರು ಹೇಳಲಿಲ್ಲ ನೋಡು. ನಮ್ಮ ಲೆಸ್ಟರ್‌ನಲ್ಲಿ ಎಲ್ಲಕ್ಕೂ ಒಂದೇ ಸಿಟಿ ಕೌನ್ಸಿಲ್. ನಿಮ್ಮೂರಿಗೆ ಮೂರು: ಇಡೀ ಕೌಂಟಿಗೊಂದು, ಅದರೊಳಗಿನ ಡಿಸ್ಟ್ರಿಕ್ಟ್‌ಗೊಂದು, ಪಟ್ಟಣಕ್ಕೊಂದು ಟೌನ್ ಕೌನ್ಸಿಲ್.

ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿಯ ಮನೆ ತೆರಿಗೆಯ ಬಿಲ್ ತೆಗೆದು ನಿಧಾನವಾಗಿ ಓದು. ಕಳಿಸಿದವರು ಸೌತ್ ಹ್ಯಾಮ್ಸ್ ಡಿಸ್ಟ್ರಿಕ್ಟ್ ಕೌನ್ಸಿಲ್, ಆದರೆ ದುಡ್ಡಿನ ದೊಡ್ಡ ಪಾಲು ಡೆವನ್ ಕೌಂಟಿ ಕೌನ್ಸಿಲ್‌ಗೆ. ಪೊಲೀಸ್ ಮತ್ತು ಅಗ್ನಿಶಾಮಕದವರಿಗೆ ಒಂದೊಂದು ಸಾಲು, ಟೌನ್ ಕೌನ್ಸಿಲ್‌ಗೆ ಕೊನೆಯ ಪುಟ್ಟ ಪಾಲು. ಕಸ ಒಯ್ಯುವುದು, ಮನೆ ಕಟ್ಟಲು ಅನುಮತಿ ಕೊಡುವುದು ಡಿಸ್ಟ್ರಿಕ್ಟ್. ರಸ್ತೆ, ಶಾಲೆ, ವಯಸ್ಸಾದವರ ಆರೈಕೆ ಕೌಂಟಿ. ಬ್ಯಾಂಡ್, ಅಂದರೆ ಮನೆಯ ತೆರಿಗೆಯ ದರ್ಜೆ, ನಿರ್ಧರಿಸಿದ್ದು 1991ರ ಏಪ್ರಿಲ್‌ನಲ್ಲಿ ಮನೆಗಿದ್ದ ಬೆಲೆ ಹಿಡಿದು. ಇವತ್ತಿಗೂ ಅದೇ ಲೆಕ್ಕ ಅನ್ನುವುದು ನನಗಂತೂ ವಿಚಿತ್ರ. ಅಳಿಯಂದಿರು ಬರುವ ತನಕ ನೀನೊಬ್ಬಳೇ ತಾನೆ? ಶೇ. 25 ರಿಯಾಯಿತಿಗೆ ಅರ್ಜಿ ಹಾಕು. ಕೇಳದೆ ಸಿಗುವುದಿಲ್ಲ.

ಗುಂಡಿಯ ದೂರನ್ನು ಫೋಟೋ ಸಮೇತ ಕೌಂಟಿಯ ವೆಬ್‌ಸೈಟ್‌ನಲ್ಲೇ ಕೊಡು, ಬರುವ ನಂಬರ್ ಜೋಪಾನ ಮಾಡು. ನಾಳೆ ಯಾರದೋ ಕಾರಿನ ಟೈರ್ ಒಡೆದು ಪರಿಹಾರ ಕೇಳಿದರೆ, ರಸ್ತೆಯನ್ನು ಕ್ರಮವಾಗಿ ತಪಾಸಣೆ ಮಾಡಿದ್ದೇವೆ, ಗುಂಡಿ ಗಮನಕ್ಕೇ ಬಂದಿರಲಿಲ್ಲ ಅಂತ ವಾದಿಸಲು ಕೌಂಟಿಯವರಿಗೆ ಕಾನೂನಿನಲ್ಲಿ ಅವಕಾಶವಿದೆ. ನಿನ್ನ ದೂರು ಅಲ್ಲಿದ್ದರೆ ಆ ಮಾತು ನಡೆಯುವುದು ಕಷ್ಟ.

ಇನ್ನು ಟೌನ್ ಕೌನ್ಸಿಲ್. ಅಧಿಕಾರ ಕಡಿಮೆಯೆಂದು ಅಸಡ್ಡೆ ಮಾಡಬೇಡ. ಸಭೆಯ ನೋಟಿಸ್ ಮೂರು ದಿನ ಮುಂಚೆ ಹಚ್ಚಲೇಬೇಕು, ಯಾರು ಬೇಕಾದರೂ ಹೋಗಿ ಕೂರಬಹುದು. ಕೊರಳಿಗೆ ಸರ ಹಾಕಿಕೊಂಡು ಕೂತವರು ಮೇಯರ್, ಸದಸ್ಯರೇ ವರ್ಷಕ್ಕೊಮ್ಮೆ ಆರಿಸಿದವರು. ಕೆಲಸ ನಡೆಸುವವರು ಪಕ್ಕದಲ್ಲಿ ಕಾಗದ ಹರಡಿಕೊಂಡಿರುವ ಟೌನ್ ಕ್ಲರ್ಕ್; ನಮ್ಮ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಇದ್ದಂತೆ. ಪರಿಚಯ ಮಾಡಿಕೊಳ್ಳುವುದಾದರೆ ಮೊದಲು ಅವರನ್ನು. ಪಕ್ಕದ ಜಾಗದಲ್ಲಿ ಯಾರೋ ಮಹಡಿ ಏರಿಸಲು ಹೊರಟರೆ ಟೌನ್ ಕೌನ್ಸಿಲ್ ಅಭಿಪ್ರಾಯವಷ್ಟೇ ಕೊಡುತ್ತದೆ, ತೀರ್ಮಾನ ಡಿಸ್ಟ್ರಿಕ್ಟ್‌ನದು. ಅಲ್ಲಿ ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ. ಬಿಸಿಲು ತಡೆಯುತ್ತದೆ, ದಾರಿಗೆ ಅಡ್ಡಿ ಅಂತ ಬರಿ. ನಮ್ಮ ಮನೆಯ ಬೆಲೆ ಇಳಿಯುತ್ತದೆ ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ: ಮತದಾರರ ಪಟ್ಟಿಗೆ ಹೆಸರು ಸೇರಿಸು. ನಮಗೆಲ್ಲಿಯ ಓಟು ಅಂದುಕೊಂಡು ಎಷ್ಟೋ ಮಂದಿ ನಮ್ಮವರು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಭಾರತ ಕಾಮನ್‌ವೆಲ್ತ್ ದೇಶ, ವೀಸಾ ಮೇಲೆ ಇರುವವಳಿಗೂ ಇಲ್ಲಿ ಕೌನ್ಸಿಲ್‌ಗೂ ಪಾರ್ಲಿಮೆಂಟಿಗೂ ಮತದ ಹಕ್ಕಿದೆ. 2023ರಿಂದ ಮತಗಟ್ಟೆಯಲ್ಲಿ ಫೋಟೋ ಗುರುತು ಕೇಳುತ್ತಾರೆ, ನಿನ್ನ ಭಾರತದ ಪಾಸ್‌ಪೋರ್ಟ್ ಸಾಕು. ಸಾಲ ಕೊಡುವವರೂ ಆ ಪಟ್ಟಿ ನೋಡುವುದರಿಂದ ಅದರಿಂದ ನಿನಗೇ ಲಾಭ.

2024ರ ಡಿಸೆಂಬರಿನಲ್ಲಿ ಸರ್ಕಾರ ಶ್ವೇತಪತ್ರ ಹೊರಡಿಸಿ, ಡಿಸ್ಟ್ರಿಕ್ಟ್ ಮತ್ತು ಕೌಂಟಿ ಎರಡನ್ನೂ ತೆಗೆದು ಒಂದೇ ಕೌನ್ಸಿಲ್ ಮಾಡುವ ಮಾತೆತ್ತಿದೆ. ಪಕ್ಕದ ಸಾಮರ್‌ಸೆಟ್‌ನಲ್ಲಿ 2023ರ ಏಪ್ರಿಲ್‌ನಲ್ಲೇ ಆಗಿಹೋಗಿದೆ.

ಅಳಿಯಂದಿರು ಬಂದಿಳಿದ ಕೂಡಲೇ ರಿಯಾಯಿತಿ ನಿಲ್ಲಿಸಲು ಡಿಸ್ಟ್ರಿಕ್ಟ್‌ಗೆ ತಿಳಿಸು, ಇಲ್ಲದಿದ್ದರೆ ಬಾಕಿ ಸೇರಿಸಿ ಕಟ್ಟಿಸಿಕೊಳ್ಳುತ್ತಾರೆ. ಅವರ ಹೆಸರನ್ನೂ ಮತದಾರರ ಪಟ್ಟಿಗೆ ಹಾಕಿಸು.

ಇಂತಿ,
ನಿನ್ನ ದೊಡ್ಡಪ್ಪ