ಲೆವೆಸನ್ ವಿಚಾರಣೆಯ ಎರಡನೇ ಭಾಗ ಎಲ್ಲಿ?
ಸಂಪಾದಕರೇ,
ಲಂಡನ್‌ನಲ್ಲಿ ಪತ್ರಕರ್ತನಾಗಿರೋ ನನಗೆ 2011ರ ಜುಲೈ ಮರೆಯೋಕಾಗಲ್ಲ. ಕೊಲೆಯಾದ ಶಾಲಾ ಹುಡುಗಿಯ ವಾಯ್ಸ್‌ಮೇಲನ್ನೂ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯವರು ಕದ್ದು ಕೇಳಿದ್ರು ಅಂತ ಗಾರ್ಡಿಯನ್ ಪತ್ರಿಕೆ ಬರೀತು, ಒಂದೇ ವಾರದಲ್ಲಿ 168 ವರ್ಷದ ನ್ಯೂಸ್ ಆಫ್ ದಿ ವರ್ಲ್ಡ್ ಬಾಗಿಲು ಹಾಕ್ತು, ಅದರ ಎಡಿಟರ್ ಆಗಿದ್ದ ಆಂಡಿ ಕೋಲ್ಸನ್‌ನ ಪ್ರಧಾನಿ ಕ್ಯಾಮರನ್ ತಮ್ಮ ಆಫೀಸಿಗೇ ಕರ್ಕೊಂಡಿದ್ರು, 2014ರಲ್ಲಿ ಆತ ಜೈಲಿಗೂ ಹೋದ. ಆದ್ರೆ ನನ್ನ ಹೊಟ್ಟೆ ಉರಿಯೋದು ಇದಕ್ಕೆ: ಈ ಹಗರಣ ಆದ್ಮೇಲೆ ಪತ್ರಿಕೆಗಳ ನಡವಳಿಕೆ ಬಗ್ಗೆ ನ್ಯಾಯಾಧೀಶ ಲೆವೆಸನ್ ನಡೆಸಿದ ವಿಚಾರಣೆಯ ಮೊದಲ ಭಾಗದ ವರದಿ 2012ರಲ್ಲಿ ಬಂತು, ಪೊಲೀಸ್ರು-ಪತ್ರಿಕೆಗಳ ನಂಟನ್ನ ಕೆದಕಬೇಕಿದ್ದ ಎರಡನೇ ಭಾಗವನ್ನ ಸರ್ಕಾರ 2018ರಲ್ಲಿ ಕೈಬಿಡ್ತು. ನೊಂದ ಕುಟುಂಬಗಳಿಗೆ ಏನಂತ ಹೇಳೋದು? ನಮ್ಮ ವೃತ್ತಿಯವರೇ ಜೋರಾಗಿ ಕೇಳ್ಬೇಕಿತ್ತು, ಬಹಳ ಜನ ಕೇಳ್ಲೇ ಇಲ್ಲ.
— ಒಬ್ಬ ಪತ್ರಕರ್ತ, ಲಂಡನ್