ಹನ್ನೆರಡನೇ ಸಾಲಿನಿಂದ ಒಂದು ಚಿತ್ರ

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಸಂಗೀತ ಕಛೇರಿಯ ಚಿತ್ರಗಳನ್ನೆಲ್ಲ ನೋಡಿದೆ. ನಿನ್ನ ದೊಡ್ಡಮ್ಮನಿಗೂ ತೋರಿಸಿದೆ. ಗಾಯಕಿಯ ಓಲೆಯ ಮೇಲೆ ಬೆಳಕು ಬಿದ್ದ ಆ ಒಂದು ಚಿತ್ರ ಇದೆಯಲ್ಲ, ನನ್ನ ಸ್ಟುಡಿಯೋ ಇನ್ನೂ ಇದ್ದಿದ್ದರೆ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಅಂಗಡಿಯ ಗಾಜಿನಲ್ಲಿ ಇಡುತ್ತಿದ್ದೆ. ಆದರೆ ನೀನು ಕೇಳಿದ್ದು ಬೇರೆ. ಇವನ್ನು ಮೊಬೈಲ್‌ನ ಮ್ಯಾಪ್‌ನಲ್ಲಿ ಆ ಸಭಾಂಗಣದ ಹೆಸರಿನ ಕೆಳಗೆ ಹಾಕಿದರೆ ಜನಕ್ಕೆ ಉಪಯೋಗವಾಗುತ್ತದೆಯೇ ಎಂದು ಕೇಳಿದ್ದೀಯೆ. ಬೇಸರ ಮಾಡಿಕೊಳ್ಳಬೇಡ, ಒಂದೂ ಆಗುವುದಿಲ್ಲ.

ಇದನ್ನು ಹೇಳುವ ಯೋಗ್ಯತೆ ನನಗೂ ಇರಲಿಲ್ಲ. ಮೂವತ್ತು ವರ್ಷ ಕಛೇರಿಗಳಲ್ಲಿ ಚಿತ್ರ ತೆಗೆದವನು ನಾನು. ಕಡಿಮೆ ಬೆಳಕಿನಲ್ಲೂ ಚಿತ್ರ ಬರಲೆಂದು 400 ಎಎಸ್‌ಎ ವೇಗದ ಫಿಲ್ಮ್ ರೀಲನ್ನು 1600ಕ್ಕೆ ಏರಿಸಿ, ಡಾರ್ಕ್ ರೂಮಿನಲ್ಲಿ ಅದಕ್ಕೆ ಹೆಚ್ಚು ಹೊತ್ತು ಡೆವಲಪರ್ ಕುಡಿಸಿ, ರೀಲಿನ 36 ಚಿತ್ರಗಳಲ್ಲಿ ನಾಲ್ಕು ಚೆನ್ನಾಗಿ ಬಂದರೆ ಹಿಗ್ಗುತ್ತಿದ್ದೆ. ಆ ನೆಗೆಟಿವ್‌ಗಳನ್ನು ಮೊನ್ನೆ ಹರಡಿಕೊಂಡು ಕುಳಿತೆ. ಎಲ್ಲ ಮುಖಗಳೇ. ಒಂದು ಬಾಗಿಲಿಲ್ಲ, ಒಂದು ಮೆಟ್ಟಿಲಿಲ್ಲ, ಕೇಳಲು ಬಂದವನು ಎಲ್ಲಿ ಕುಳಿತಿದ್ದ ಎಂಬುದರ ಗುರುತೇ ಇಲ್ಲ. ನನ್ನ ಮಂಡಿ ಕೆಟ್ಟ ಮೇಲಷ್ಟೇ ಇದು ಕಣ್ಣಿಗೆ ಬಿತ್ತು.

ಹೋದ ವರ್ಷದ ಸಂಗತಿ ನಿನಗೆ ಹೇಳಿರಲಿಲ್ಲ. ಹೆಸರು ಬೇಡ, ಒಂದು ಸಭಾಂಗಣಕ್ಕೆ ಹೊರಟಿದ್ದೆವು. ಫೋನಿನಲ್ಲಿ ವಿಚಾರಿಸಿದಾಗ "ಮೆಟ್ಟಿಲು ಏನೂ ಹೆಚ್ಚಿಲ್ಲ ಸಾರ್" ಎಂದರು. ಮೊಬೈಲ್‌ನಲ್ಲಿ ಹುಡುಕಿದರೆ ಆ ಜಾಗದ ಇನ್ನೂರಕ್ಕೂ ಹೆಚ್ಚು ಚಿತ್ರಗಳು: ದೀಪ ಬೆಳಗುವವರು, ಶಾಲು ಹೊದಿಸುವವರು, ಹೊದಿಸಿಕೊಳ್ಳುವವರು. ಹೋಗಿ ನೋಡಿದರೆ ಹತ್ತೊಂಬತ್ತು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಒಂದೇ ಕಡೆ, ಅದೂ ಅರ್ಧಕ್ಕೆ ನಿಂತಿದೆ. ನಿನ್ನ ದೊಡ್ಡಮ್ಮ ಮೇಲೆ ಹೋದಳು. ನಾನು ಕೆಳಗೆ ಚಪ್ಪಲಿ ಕಾಯುವವನ ಪಕ್ಕ ಕುರ್ಚಿ ಹಾಕಿಸಿಕೊಂಡು, ಮೆಟ್ಟಿಲಿನ ಮೇಲಿಂದ ಇಳಿದು ಬಂದಷ್ಟು ತೋಡಿ ರಾಗ ಕೇಳಿದೆ. ಆತ ಒಳ್ಳೆಯ ರಸಿಕ, ಅದು ಬೇರೆ ಮಾತು.

ಆದ್ದರಿಂದ ನೀನು ಮೊದಲು ಮೆಟ್ಟಿಲಿನ ಚಿತ್ರ ತೆಗೆ. ಮೇಲೆ ನಿಂತು ತೆಗೆಯಬೇಡ, ಅಲ್ಲಿಂದ ಮೆಟ್ಟಿಲೆಲ್ಲ ಒಂದರೊಳಗೊಂದು ಮಡಿಸಿ ಹೋಗಿ ಲೆಕ್ಕಕ್ಕೆ ಸಿಗುವುದಿಲ್ಲ. ಕೆಳಗಿನಿಂದ ಸ್ವಲ್ಪ ಓರೆಯಾಗಿ ತೆಗೆ, ಕಂಬಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಕಾಣಲಿ. ಮೊದಲ ಮೆಟ್ಟಿಲಿನ ಪಕ್ಕ ನಿನ್ನ ನೀರಿನ ಬಾಟಲಿ ಇಟ್ಟರೆ ಎತ್ತರದ ಅಂದಾಜು ಸಿಗುತ್ತದೆ. ಗಾಲಿಕುರ್ಚಿಗೆ ರ‍್ಯಾಂಪ್ ಇದ್ದರೆ ಅದನ್ನು ಪಕ್ಕದಿಂದ ತೆಗೆ. ಎದುರಿನಿಂದ ನೋಡಿದರೆ ಯಾವ ರ‍್ಯಾಂಪ್ ಆದರೂ ಸಾಧುವಾಗಿಯೇ ಕಾಣುತ್ತದೆ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಾದರೂ ಇರಬೇಕು ಎನ್ನುವುದು ಲೆಕ್ಕ. ನಮ್ಮ ಎಷ್ಟೋ ಕಡೆ ಇರುವುದು ಸ್ಕೂಟರ್ ಹತ್ತಿಸಲು ಸುರಿದ ಸಿಮೆಂಟು. ಶೌಚಾಲಯದ ಬಾಗಿಲು, ಅದಕ್ಕೆ ಹೋಗುವ ದಾರಿ ಕೂಡ ತೆಗೆ. ನಗಬೇಡ, ಮೂರು ಗಂಟೆಯ ಕಛೇರಿಗೆ ಹೋಗುವ ಅರವತ್ತು ದಾಟಿದವರು ಮೊದಲು ವಿಚಾರಿಸುವುದು ಅದನ್ನೇ.

ಇನ್ನು ಒಳಗೆ. ಕುಳಿತವನ ಕಣ್ಣಿನ ಎತ್ತರದಿಂದ, ಮುಂದೆ ಜನ ತುಂಬಿರುವಾಗ ಒಂದು ಚಿತ್ರ ಬೇಕು. ಖಾಲಿ ಕುರ್ಚಿಗಳ ಮೇಲೆ ವೇದಿಕೆ ಎಲ್ಲರಿಗೂ ಕಾಣುತ್ತದೆ. ಮುಂದಿನವರ ತಲೆಗಳು ಬಂದ ಮೇಲೆ ಏನು ಉಳಿಯುತ್ತದೆ ಎನ್ನುವುದೇ ವಿಷಯ. ನಿನ್ನ ಮೊಬೈಲ್ ಕ್ಯಾಮೆರಾದಲ್ಲಿ ಅಗಲ ನೋಟ ಕೊಡುವ 0.5ನ್ನು ಮುಟ್ಟಬೇಡ. ಅದು ಕಲ್ಯಾಣ ಮಂಟಪವನ್ನು ಅರಮನೆ ಮಾಡಿ, ಗಾಯಕರನ್ನು ಇರುವೆ ಮಾಡುತ್ತದೆ. ಹಾಗೆಂದು ಹನ್ನೆರಡನೇ ಸಾಲಿನಲ್ಲಿ ಕುಳಿತು ಹತ್ತು ಪಟ್ಟು ಜೂಮ್ ಮಾಡಿದರೆ ಮೊದಲ ಸಾಲಿನಲ್ಲಿ ಕುಳಿತಂತೆ ಕಂಡು ನೋಡಿದವನು ಮೋಸ ಹೋಗುತ್ತಾನೆ. 2 ಎಕ್ಸ್, ಅಂದರೆ ಎರಡು ಪಟ್ಟು ಜೂಮ್, ಇಟ್ಟುಕೋ. ಬರಿಗಣ್ಣಿಗೆ ಎಷ್ಟು ದೂರ ಅನ್ನಿಸುತ್ತದೆಯೋ ಹೆಚ್ಚು ಕಡಿಮೆ ಅಷ್ಟೇ ದೂರ ಚಿತ್ರದಲ್ಲೂ ಅನ್ನಿಸುತ್ತದೆ. ಕಂಬ ಅಡ್ಡ ಬಂದರೆ ಬರಲಿ, ಜರುಗಬೇಡ. ವೇದಿಕೆಯ ಮುಂದಿನ ಹೂಕುಂಡ, ವಿಡಿಯೋದವನ ಮೂರು ಕಾಲಿನ ಸ್ಟ್ಯಾಂಡು, ಎಲ್ಲ ಇರಲಿ.

ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ತೆಗೆಯುವುದಕ್ಕೂ ಕಾರಣವಿದೆ. ನಮ್ಮ ಕಛೇರಿಗಳಲ್ಲಿ ಸಾಮಾನ್ಯವಾಗಿ ಪಿಟೀಲಿನವರು ನಮ್ಮ ಬಲಕ್ಕೆ, ಮೃದಂಗದವರು ನಮ್ಮ ಎಡಕ್ಕೆ, ಒಬ್ಬರಿಗೊಬ್ಬರು ಮುಖ ಮಾಡಿ ಕುಳಿತಿರುತ್ತಾರೆ. ಪಿಟೀಲು ಕಲಿಯುವ ಹುಡುಗಿ ಬಲಗಡೆಯ ತುದಿಯಲ್ಲಿ ಕುಳಿತರೆ ಇಡೀ ಸಂಜೆ ವಿದ್ವಾಂಸರ ಬೆನ್ನನ್ನು ನೋಡಿಕೊಂಡು ಬರಬೇಕಾಗುತ್ತದೆ. ಅಂಥವಳಿಗೆ ನಿನ್ನ ಒಂದು ಚಿತ್ರ ಒಂದು ಪಾಠದಷ್ಟು ಬೆಲೆ ಬಾಳುತ್ತದೆ.

ಪಿಟೀಲು ವಿದ್ವಾಂಸ ಚೌಡಯ್ಯನವರ ನೆನಪಿಗೆ ಕಟ್ಟಿದ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನಕ್ಕೆ ಹೋದವರೆಲ್ಲ ಹೊರಗೆ ನಿಂತು ಆ ಪಿಟೀಲಿನ ಆಕಾರವನ್ನು ತೆಗೆದುಕೊಂಡು ಬರುತ್ತಾರೆ. 1980ರಿಂದ ಅದು ಅಲ್ಲಿಯೇ ಇದೆ, ಓಡಿಹೋಗುವುದಿಲ್ಲ. ಅದರ ತಂತಿ ಏಳು, ನಾಲ್ಕಲ್ಲ. ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಮುಟ್ಟುತ್ತಿಲ್ಲವೆಂದು ಚೌಡಯ್ಯನವರು ಮೂರು ತಂತಿ ಸೇರಿಸಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರು ಕಡೆಯ ಸಾಲಿನವನಿಗಾಗಿ ವಾದ್ಯವನ್ನೇ ತಿದ್ದಿಕೊಂಡರೆ, ನಾವು ಆ ಸಾಲಿಗೆ ಹೋಗಿ ಒಂದು ಚಿತ್ರ ತೆಗೆಯಲು ಸೋಮಾರಿತನ ಮಾಡುತ್ತೇವೆ.

ನಿನ್ನ ಎರಡು ಚಿತ್ರಗಳಲ್ಲಿ ಕಪ್ಪು ಪಟ್ಟೆ ಬಂದಿದೆ, ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳಿದ್ದೀಯೆ. ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆ ಮಿನುಗೇ ಪಟ್ಟೆಯಾಗಿ ಬೀಳುವುದು. ಶಟರ್ ವೇಗವನ್ನು 1/100 ಸೆಕೆಂಡಿಗೋ 1/50 ಸೆಕೆಂಡಿಗೋ ಇಟ್ಟು ನೋಡು.

ಹೊತ್ತು ನೋಡಿ ತೆಗೆ. ಮೈಕ್ ಸರಿಮಾಡುವಾಗ ಎಷ್ಟು ಬೇಕಾದರೂ ತೆಗೆದುಕೋ. ಆಲಾಪನೆ ಶುರುವಾದ ಮೇಲೆ ಮೊಬೈಲ್ ಚೀಲದೊಳಗೆ ಇರಲಿ; ಕತ್ತಲಲ್ಲಿ ಬೆಳಗುವ ಒಂದು ಪರದೆ ಹಿಂದಿನ ಐದು ಸಾಲಿನ ಕಣ್ಣು ಕೀಳುತ್ತದೆ. ಫ್ಲ್ಯಾಶ್ ಎಂಬ ಪದವನ್ನೇ ಮರೆತುಬಿಡು. ಮೃದಂಗದವರೇ ನುಡಿಸುವ ತನಿ ಆವರ್ತನದ ಹೊತ್ತಿಗೆ ಅರ್ಧ ಜನ ಕಾಫಿಗೆ ಏಳುತ್ತಾರೆ, ಆಗ ತೆಗೆಯಬಹುದಲ್ಲ ಎಂದು ನಿನಗೆ ಹೊಳೆಯುತ್ತದೆ. ಬೇಡ. ಮೃದಂಗದವರಿಗೆ ಸಿಗುವುದೇ ಅಷ್ಟು, ಕುಳಿತು ಕೇಳು.

ಚಿತ್ರದ ಕೆಳಗೆ ಒಂದು ಸಾಲು ಬರೆ: ಯಾವ ಕಡೆ, ಎಷ್ಟನೇ ಸಾಲು, ಯಾವ ತಿಂಗಳು, ಯಾವ ವರ್ಷ. ಕುರ್ಚಿ ಬದಲಾಗುತ್ತದೆ, ಬಾಗಿಲು ಮುಚ್ಚುತ್ತಾರೆ, ರಾಮನವಮಿ ಕಛೇರಿಗಳ ಚಪ್ಪರವಂತೂ ವರ್ಷಕ್ಕೊಂದು ಥರ. ಪಕ್ಕದಲ್ಲಿ ಕುಳಿತವರ ಮುಖ, ಅದರಲ್ಲೂ ಮಕ್ಕಳದು, ಕೇಳದೆ ಹಾಕಬೇಡ. ನಿದ್ದೆ ಮಾಡುತ್ತಿರುವ ಹಿರಿಯರನ್ನಂತೂ ಖಂಡಿತ ಬೇಡ, ಅದು ನಾನೇ ಆಗಿರಬಹುದು.

ಶನಿವಾರದ ಕಛೇರಿಗೆ ಬರಬೇಕೆಂದು ಆಸೆಯಿದೆ. ಆ ಸಭಾಂಗಣ ನಿನ್ನ ಆಫೀಸಿನ ದಾರಿಯಲ್ಲೇ ಇದೆಯಂತಲ್ಲ. ಟಿಕೆಟ್ ಇನ್ನೂ ತೆಗೆದಿಲ್ಲ, ನಿನ್ನ ಮೆಟ್ಟಿಲಿನ ಚಿತ್ರ ಬಂದ ಮೇಲೆ ತೆಗೆಯುತ್ತೇನೆ. ಬಾಟಲಿ ಇಡುವುದನ್ನು ಮರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ