ಪಾಲಕರ ಸಭೆಯಲ್ಲಿ ಅಂಕ ಓದುವುದನ್ನು ನಿಲ್ಲಿಸೋಣ

ಮಾನ್ಯ ಸಂಪಾದಕರೇ,

ನಾನು ಬನಹಟ್ಟಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದುವಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಉತ್ತರ ಕಂಡು ಕೈ ನಿಂತಿತು. ಲೆಕ್ಕ ಪೂರಾ ಸರಿ ಇತ್ತು. ಅದರ ಮೇಲೆ ಅಡ್ಡಗೆರೆ. ಎಷ್ಟು ಒತ್ತಿ ಎಳೆದಿದ್ದಳೆಂದರೆ ಹಾಳೆಯೇ ಹರಿದಿತ್ತು. ಕರೆದು, ಯಾಕವ್ವಾ ಹೊಡೆದು ಹಾಕಿದಿ ಎಂದು ಕೇಳಿದೆ. ‘ನಾ ಮಾಡೇನಿ ಅಂದ್ರ ತಪ್ಪೇ ಇರ್ತೈತ್ರಿ ಟೀಚರ್’ ಎಂದಳು.

ಆ ಮಾತು ಅವಳಿಗೆ ಎಲ್ಲಿಂದ ಬಂತು ಎನ್ನುವುದು ಪಾಲಕರ ಸಭೆಯಲ್ಲಿ ತಿಳಿಯಿತು. ನಾನೇ ಅಂಕ ಓದುತ್ತಿದ್ದೆ. 80ಕ್ಕೆ 27 ಎಂದ ಕೂಡಲೇ ಅವರಪ್ಪ ಎದ್ದು ನಿಂತರು. ಕಾಕಾನ ಮಗಳನ್ನ ನೋಡಿ ಕಲಿ, ನಿನಗ್ಯಾವಾಗ ಬುದ್ಧಿ ಬರ್ತೈತಿ ಎಂದು ಎಲ್ಲರ ಮುಂದೆ ಬೈದರು. ಹುಡುಗಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಳು. ಅಪ್ಪ ಕೆಟ್ಟವರಲ್ಲ. ಮಗ್ಗ ನಿಲ್ಲಿಸಿ, ಅರ್ಧ ದಿನದ ದುಡಿಮೆ ಬಿಟ್ಟು ಬಂದಿದ್ದರು. ‘ನಮ್ಮಂಗ ಆಗಬಾರದ್ರಿ ಅಕಿ’ ಎಂದು ಹೋಗುವಾಗ ಹೇಳಿದರು. ಆ ಸಿಟ್ಟಿನ ಒಳಗಿದ್ದದ್ದು ಬರೀ ಹೆದರಿಕೆ.

ಬಿ.ಇಡಿ. ಓದುವಾಗ ಡಯಾನಾ ಬಾಮ್‌ರಿಂಡ್ ಎಂಬ ಅಮೆರಿಕದ ಮನೋವಿಜ್ಞಾನಿಯ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. 1960ರ ದಶಕದಲ್ಲೇ ಅವರು ಮಕ್ಕಳನ್ನು ಬೆಳೆಸುವ ಮೂರು ರೀತಿ ಗುರುತಿಸಿದ್ದರು. ಹೇಳಿದ್ದಷ್ಟೇ ಕೇಳು ಎನ್ನುವವರು, ಏನು ಮಾಡಿದರೂ ಬಿಡುವವರು, ನಿಯಮ ಹಾಕಿ ಅದು ಯಾಕೆ ಎಂದು ಹೇಳಿ ಮಗುವಿನ ಮಾತನ್ನೂ ಕೇಳುವವರು. ಮೂರನೆಯ ರೀತಿಯ ಮನೆಗಳ ಮಕ್ಕಳಲ್ಲಿ ತಮ್ಮ ಮೇಲೆ ನಂಬಿಕೆ ಜಾಸ್ತಿ, ಓದೂ ಚೆನ್ನಾಗಿರುತ್ತದೆ ಎಂದು ಆಮೇಲಿನ ಹಲವು ಅಧ್ಯಯನಗಳು ಹೇಳಿವೆ. ಹಾಗಂತ ಬೈಗುಳದಿಂದಲೇ ಅಂಕ ಇಳಿಯಿತು ಎಂದು ಲೆಕ್ಕ ಹಾಕಿದಂತೆ ಹೇಳಲು ಬರುವುದಿಲ್ಲ. ಅಂಕ ಇಳಿದಾಗಲೂ ಬೈಗುಳ ಏರುತ್ತದೆ, ಅಲ್ವಾ? ಆದರೆ ಸರಿ ಉತ್ತರವನ್ನೇ ಹೊಡೆದು ಹಾಕಿದ ಹುಡುಗಿಗೆ ಗಣಿತ ಬರುತ್ತಿತ್ತು. ಅದು ನನಗೆ ಗೊತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ನಮ್ಮ ಕೈಯಿಂದ ಕೋಲು ಹೋಯಿತು. ತುಂಬಿದ ಸಭೆಯಲ್ಲಿ ಅಂಕ ಓದಿ ನಾನು ಅದೇ ಕೋಲನ್ನು ಅಪ್ಪನ ಕೈಗೆ ಕೊಟ್ಟೆ. ಇದು ನನ್ನ ತಪ್ಪು.

ಮುಂದಿನ ಸಭೆಗೆ ಒಬ್ಬೊಬ್ಬ ಪಾಲಕರನ್ನು ಮಗುವಿನ ಜೊತೆ ಬೇರೆ ಬೇರೆಯಾಗಿ ಕರೆದೆ. ಮೊದಲು ಮಗು ಮಾತಾಡಬೇಕು, ಅಷ್ಟೇ ನಿಯಮ. ಸಂಜೆ ಮಗ್ಗದ ಸದ್ದಿನಲ್ಲಿ ಓದಿದ್ದು ತಲೆಗೆ ಹೋಗುವುದಿಲ್ಲ ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ‘ಮೊದಲಽ ಹೇಳಬಾರದೇನ’ ಎಂದರು. ಈಗ ಅವಳು ಬೆಳಿಗ್ಗೆ ಮಗ್ಗ ಶುರುವಾಗುವ ಮುಂಚೆ ಓದುತ್ತಾಳೆ, ಅಪ್ಪನೇ ಎಬ್ಬಿಸುತ್ತಾರೆ.

ನಮ್ಮ ಜಿಲ್ಲೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ) ಎಲ್ಲ ಶಾಲೆಗಳಿಗೂ ಇದನ್ನು ತಿಳಿಸಬೇಕು. ಅಂಕ ಗಟ್ಟಿಯಾಗಿ ಓದುವುದು ಬೇಡ, ನೋಟಿಸ್ ಬೋರ್ಡಿಗೆ ಹಚ್ಚುವುದೂ ಬೇಡ. ಲಕೋಟೆಯಲ್ಲಿಟ್ಟು ಪಾಲಕರ ಕೈಗೆ ಕೊಡಲಿ, ಮಗು ಪಕ್ಕದಲ್ಲೇ ಕೂತಿರಲಿ.

— ಗಣಿತ ಶಿಕ್ಷಕಿ, ಬನಹಟ್ಟಿ, ಬಾಗಲಕೋಟೆ ಜಿಲ್ಲೆ